ಬೀದಿಯ ಮಾತಿಗೆ ನಿಘಂಟು ಬರೆದ ಕ್ಯಾಪ್ಟನ್ ಗ್ರೋಸ್

ಇಂಗ್ಲಿಷ್ ನಿಘಂಟು ಎಂದೊಡನೆ ನಮಗೆಲ್ಲರಿಗೂ ನೆನಪಾಗುವವನು ಡಾಕ್ಟರ್ ಜಾನ್‌ಸನ್. 1755ರಲ್ಲಿ ಹೊರಬಂದ ಅವನ ಎರಡು ಹೆಬ್ಬೊತ್ತಗೆಗಳ ಮಹಿಮೆಯನ್ನು ನಾವು ತರಗತಿಯಲ್ಲಿ ಕೇಳಿಯೇ ಇದ್ದೇವೆ. ಆದರೆ ಜಾನ್‌ಸನ್ ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸಿದ ಮಾತುಗಳೂ ಎಷ್ಟೋ ಇದ್ದುವು: ಕಳ್ಳರ ಮಾತು, ಸಿಪಾಯಿಗಳ ಮಾತು, ಮೀನು ಮಾರುವ ಹೆಂಗಸರ ಮಾತು, ಹೆಂಡದಂಗಡಿಯ ಮಾತು. ಇವನ್ನೆಲ್ಲ ಕೈಹಿಡಿದು ಒಳಕ್ಕೆ ಕರೆದು ಮಣೆ ಹಾಕಿ ಕೂರಿಸಿದವನು ಮತ್ತೊಬ್ಬನು. ಅವನ ಹೆಸರು ಫ್ರಾನ್ಸಿಸ್ ಗ್ರೋಸ್. ಅವನ ಕಥೆಯನ್ನು ನನ್ನ ಸಹಪಾಠಿಗಳಿಗೆ ಹೇಳಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇದಕ್ಕೆ ನನ್ನದೇ ಆದ ಒಂದು ಕಾರಣವೂ ಉಂಟು. ನನ್ನ ತಂದೆಯವರು ದನದ ಜಾತ್ರೆಗಳಲ್ಲಿ ದಲ್ಲಾಳಿಯಾಗಿದ್ದರು. ಹೆಗಲ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆ ಬೆರಳುಗಳ ಜೊತೆಗೆ ಅವರವರಲ್ಲೇ ನಡೆಯುವ ಒಂದು ಮಾತೂ ಇತ್ತು. ಪಕ್ಕದಲ್ಲೇ ನಿಂತ ರೈತನಿಗೆ ಅದು ತಿಳಿಯುತ್ತಿರಲಿಲ್ಲ. ಚಿಕ್ಕವನಾಗಿದ್ದಾಗ ನನಗೆ ಅದು ಒಂದಿಷ್ಟು ಬರುತ್ತಿತ್ತು. ಹೈಸ್ಕೂಲಿಗೆ ಸೇರಿದ ಮೇಲೆ ಒಮ್ಮೆ ತರಗತಿಯಲ್ಲಿ ಅದರದೊಂದು ಶಬ್ದ ಬಾಯಿತಪ್ಪಿ ಬಂದಿತು. ಎಲ್ಲರೂ ನಕ್ಕರು. ಅಂದು ಸಂಜೆ ಮನೆಗೆ ಬಂದು, ನನ್ನ ಎದುರಿಗೆ ಇನ್ನು ಮೇಲೆ ಆ ಸಂತೆಯ ಮಾತು ಆಡಬೇಡಿರೆಂದು ತಂದೆಯವರಿಗೆ ಹೇಳಿದೆ. ಅವರು ಮರುಮಾತಾಡಲಿಲ್ಲ, ಆಮೇಲೆ ಆಡಲೂ ಇಲ್ಲ. ಕಳೆದ ವರ್ಷ ಅವರು ತೀರಿಕೊಂಡರು. ಅದಾಗಿ ಕೆಲವು ತಿಂಗಳ ಮೇಲೆ ಪುಸ್ತಕ ಭಂಡಾರದ ಕಪಾಟಿನಲ್ಲಿ ಗ್ರೋಸನ ನಿಘಂಟಿನ ಮರುಮುದ್ರಣವೊಂದು ಕೈಗೆ ಸಿಕ್ಕಿತು. ನಿಂತಲ್ಲೇ ಓದತೊಡಗಿದವನು ಭಂಡಾರ ಮುಚ್ಚುವ ಗಂಟೆ ಬಾರಿಸುವವರೆಗೂ ಕದಲಲಿಲ್ಲ.

ಗ್ರೋಸ್ 1731ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಿಂದ ಬಂದು ನೆಲೆಸಿದ ರತ್ನಪಡಿ ವ್ಯಾಪಾರಿ. ರಾಜಕಿರೀಟಕ್ಕೆ ಹರಳು ಕೂಡಿಸಿದವನೆಂದು ಪ್ರಸಿದ್ಧನಾದವನು. ಹೊರನಾಡಿನಿಂದ ಬಂದವನ ಮಗನೊಬ್ಬನು ಇಂಗ್ಲಿಷ್ ಬೀದಿಯ ಮಾತಿಗೆ ಕಾವಲುಗಾರನಾದುದು ಸೋಜಿಗವಲ್ಲವೆ? ಈ ಮನೆಗೆ ನಮ್ಮ ದೇಶದ ನಂಟೂ ಉಂಟು. ಗ್ರೋಸನ ಸೋದರ ಜಾನ್ ಹೆನ್ರಿ ಗ್ರೋಸ್ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಮುಂಬಯಿಗೆ ಬಂದು, ಹಿಂತಿರುಗಿದ ಮೇಲೆ 1757ರಲ್ಲಿ ಒಂದು ಪ್ರವಾಸಗ್ರಂಥವನ್ನು ಪ್ರಕಟಿಸಿದನು.

ನಮ್ಮ ಗ್ರೋಸನಿಗೆ ವಿಶ್ವವಿದ್ಯಾನಿಲಯದ ವಿದ್ಯೆಯಿರಲಿಲ್ಲ. ಹದಿಹರೆಯದಲ್ಲೇ ಸೈನ್ಯ ಸೇರಿದನು. ಇಪ್ಪತ್ತರ ಹೊತ್ತಿಗೆ ಮದುವೆಯೂ ಆಗಿ, ಸೈನ್ಯದ ಹುದ್ದೆಯನ್ನು ಬಿಟ್ಟನು. ಆಗಿನ ಕಾಲದಲ್ಲಿ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು, ಬೇಡವಾದಾಗ ಮಾರುತ್ತಿದ್ದರು. ತಂದೆಯ ಹಣದಿಂದ ಅವನಿಗೆ 1755ರಲ್ಲಿ ರಿಚ್‌ಮಂಡ್ ಹೆರಾಲ್ಡ್ ಎಂಬ ಪದವಿ ದೊರೆಯಿತು. ಮನೆತನಗಳ ವಂಶಾವಳಿ, ಲಾಂಛನ ಇವನ್ನು ನೋಡಿಕೊಳ್ಳುವ ಕೆಲಸ ಅದು. 1763ರಲ್ಲಿ ಅದನ್ನೂ ಮಾರಿದನು. ದೊಡ್ಡವರ ಮನೆಯ ವಂಶವೃಕ್ಷವನ್ನು ಎಂಟು ವರ್ಷ ಕಾದವನು ಮುಂದೆ ತಂದೆತಾಯಿ ಯಾರೆಂದು ತಿಳಿಯದ ಮಾತುಗಳ ಕುಲಗೋತ್ರ ಹುಡುಕುತ್ತ ಹೊರಟುದು ಅವನ ಬಾಳಿನ ತಮಾಷೆ.

ಆಮೇಲೆ ಅವನು ಹ್ಯಾಂಪ್‌ಷೈರ್, ಅನಂತರ ಸರ್ರೆ ಪ್ರಾಂತಗಳ ನಾಡಪಡೆಗಳಲ್ಲಿ ಅಧಿಕಾರಿಯಾಗಿ ಸಿಪಾಯಿಗಳ ಸಂಬಳದ ಲೆಕ್ಕ ನೋಡಿಕೊಂಡನು. ಲೆಕ್ಕ ಎಂದರೆ ಹೇಗೆ! ಅವನ ಬಳಿ ಇದ್ದ ಖಾತೆ ಪುಸ್ತಕಗಳು ಎರಡೇ ಎರಡಂತೆ. ಅಂಗಿಯ ಬಲಜೇಬು ಮತ್ತು ಎಡಜೇಬು. ಬಂದ ಹಣ ಒಂದರಲ್ಲಿ, ಕೊಡುವ ಹಣ ಇನ್ನೊಂದರಲ್ಲಿ. ರಸೀತಿ ಕೇಳಲೂ ಇಲ್ಲ, ಕೊಡಲೂ ಇಲ್ಲ. ಕೊರತೆ ಬಿದ್ದುದನ್ನು ತಾನೇ ತುಂಬಿಕೊಡಬೇಕಾಯಿತು. ತಂದೆ 1769ರಲ್ಲಿ ತೀರಿಕೊಂಡು ಬಿಟ್ಟುಹೋದ ಸಂಪತ್ತೂ ಹೆಚ್ಚು ದಿನ ನಿಲ್ಲಲಿಲ್ಲ. ಹಣದ ಲೆಕ್ಕ ಬಾರದ ಈ ಮನುಷ್ಯನಿಗೆ ಒಂದು ಬಗೆಯ ಲೆಕ್ಕ ಮಾತ್ರ ಚೆನ್ನಾಗಿ ಬರುತ್ತಿತ್ತು. ಕಿವಿಗೆ ಬಿದ್ದ ಒಂದು ಮಾತನ್ನೂ ಅವನು ಕಳೆದುಕೊಳ್ಳುತ್ತಿರಲಿಲ್ಲ.

ಅವನಿಗೆ ಚಿತ್ರಕಲೆಯೂ ಬರುತ್ತಿತ್ತು. ಪಾಳುಬಿದ್ದ ಕೋಟೆ, ಮಠ, ಗುಡಿಗಳ ಮುಂದೆ ಕುಳಿತು ಚಿತ್ರ ಬರೆದು, ಪ್ರತಿಯೊಂದರ ಇತಿಹಾಸವನ್ನೂ ಸೇರಿಸಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಪ್ರಾಚೀನ ಅವಶೇಷಗಳ ಮೇಲೆ ಸಂಪುಟಗಳನ್ನು 1770ರ ದಶಕದಲ್ಲಿ ಹೊರತಂದನು. ಜನ ಕೊಂಡು ಓದಿದರು. 1774ರಲ್ಲಿ ಹೆಂಡತಿ ಕ್ಯಾಥರೀನ್ ತೀರಿಕೊಂಡಳು. ತಾಯಿಯಿಲ್ಲದ ಮಕ್ಕಳು ಮನೆ ತುಂಬ ಇದ್ದರು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ನಾಡಪಡೆಯೊಡನೆ ಶಿಬಿರದಿಂದ ಶಿಬಿರಕ್ಕೆ ತಿರುಗಿದನು. 1783ರಲ್ಲಿ ಯುದ್ಧ ಮುಗಿಯಿತು, ಸಂಬಳವೂ ನಿಂತಿತು. ಸಾಲ ಉಳಿಯಿತು. ಇನ್ನು ಲೇಖನಿಯೇ ಗತಿ ಎಂದು ನಂಬಿದನು. 1785ರಲ್ಲಿ ಅವನ ಗ್ರಾಮ್ಯ ನುಡಿಗಳ ನಿಘಂಟು ಅಚ್ಚಾಯಿತು. ಹಿಂದಿನ ವರ್ಷವಷ್ಟೇ ಜಾನ್‌ಸನ್ ಕಣ್ಮುಚ್ಚಿದ್ದನು.

ಕೂಲಿಕಾರರ ಮತ್ತು ವ್ಯಾಪಾರಿಗಳ ಮಾತು ಇಂದು ಹುಟ್ಟಿ ನಾಳೆ ಸಾಯುವಂಥದು, ಕಾಪಿಡಲು ಯೋಗ್ಯವಲ್ಲ ಎಂಬುದು ಜಾನ್‌ಸನ್ನನ ನಿಲುವಾಗಿದ್ದಿತು. ನಾಳೆ ಸಾಯುವಂಥದಾದರೆ ಇಂದೇ ಬರೆದಿಡಬೇಕು ಎಂಬಂತೆ ಗ್ರೋಸ್ ನಡೆದುಕೊಂಡನು. ತನಗೆ ಪ್ರಮಾಣ ಯಾರೆಂದರೆ ದೂರದ ದಾರಿ ನಡೆಯುವ ಸಿಪಾಯಿಗಳು, ಲಂಗರು ಎಳೆಯುವ ನಾವಿಕರು, ಮೀನು ಮಾರುವ ಹೆಂಗಸರು ಎಂದು ಮುನ್ನುಡಿಯಲ್ಲಿ ನಗುನಗುತ್ತ ಹೇಳಿಕೊಂಡನು. ಅಲ್ಲದೆ ಅವನು ಸುಮ್ಮನೆ ಮನೆಯಲ್ಲಿ ಕುಳಿತಿರಲಿಲ್ಲ. 1823ರಲ್ಲಿ ಪಿಯರ್ಸ್ ಈಗನ್ ಎಂಬವನು ಈ ನಿಘಂಟನ್ನು ಮತ್ತೆ ಅಚ್ಚುಹಾಕಿಸಿದಾಗ ಬರೆದ ಜೀವನವೃತ್ತಾಂತದಲ್ಲಿ ಒಂದು ಸಂಗತಿಯಿದೆ. ಗ್ರೋಸ್ ಬ್ಯಾಚ್ ಎಂಬ ತನ್ನ ಆಳಿನೊಡನೆ ನಡುರಾತ್ರಿಯಲ್ಲಿ ಹೋಲ್ಬರ್ನ್ ಬೀದಿಯ ಪಾನಗೃಹವೊಂದರಿಂದ ಹೊರಟು, ಸೇಂಟ್ ಜೈಲ್ಸ್ ಕೇರಿಯ ಸಂದುಗೊಂದುಗಳಲ್ಲಿ ಸುತ್ತುತ್ತಿದ್ದನಂತೆ. ಭಿಕ್ಷುಕರು, ಜೇಬುಗಳ್ಳರು, ಬಡ ಐರಿಷ್ ಕೂಲಿಗಳು ತುಂಬಿದ್ದ ಕೇರಿ ಅದು. ಚಿತ್ರಗಾರ ಹೋಗಾರ್ತ್ 1751ರಲ್ಲಿ ಜಿನ್ ಕುಡುಕರ ಬೀದಿಯ ಭಯಂಕರ ಚಿತ್ರವನ್ನು ಬರೆದುದು ಇದೇ ಕೇರಿಯನ್ನು ನೋಡಿ. ಅಲ್ಲಿಯ ಕಳ್ಳಭಾಷೆಗೆ ಸೇಂಟ್ ಜೈಲ್ಸಿನ ಗ್ರೀಕ್ ಎಂದೇ ಹೆಸರು. ಆಕ್ಸ್‌ಫರ್ಡಿನ ಪಂಡಿತರಿಗೆ ಒಂದು ಗ್ರೀಕ್, ಈ ಕೇರಿಯವರಿಗೆ ಇನ್ನೊಂದು!

ಈ ಇನ್ನೊಂದು ಗ್ರೀಕಿನ ರುಚಿಯನ್ನು ಸ್ವಲ್ಪ ನೋಡೋಣ. ಡಾರ್ಕ್‌ಮನ್ಸ್ ಎಂದರೆ ಇರುಳು, ಲೈಟ್‌ಮನ್ಸ್ ಎಂದರೆ ಹಗಲು. ಕೋವ್ ಎಂದರೆ ಗಂಡಸು, ಮಾರ್ಟ್ ಎಂದರೆ ಹೆಂಗಸು. ಗ್ಲಿಮ್ ಎಂದರೆ ಕನ್ನ ಹಾಕುವವನ ಕಳ್ಳದೀಪ. ಬೀಕ್, ಎಂದರೆ ಹಕ್ಕಿಯ ಕೊಕ್ಕು. ಕಳ್ಳರ ಬಾಯಲ್ಲಿ ಅದು ನ್ಯಾಯಾಧೀಶನ ಹೆಸರು. ಮನೆ ಮತ್ತು ಚರ್ಚುಗಳ ಚಾವಣಿಯಿಂದ ಸೀಸ ಕದಿಯುವವರು ನೀಲಿ ಪಾರಿವಾಳಗಳು. ಒಳ್ಳೆಯದೆಲ್ಲ ರಮ್, ಕೆಟ್ಟದ್ದೆಲ್ಲ ಕ್ವಿಯರ್. ಇದರಲ್ಲಿ ರಮ್ ಎಂಬ ಮಾತು ಮುಂದೆ ತಲೆಕೆಳಗಾಗಿ ವಿಚಿತ್ರವಾದದ್ದು, ನಂಬಲಾಗದ್ದು ಎಂಬ ಅರ್ಥಕ್ಕೆ ತಿರುಗಿತು. ಕಳ್ಳನು ಮೆಚ್ಚಿದುದನ್ನು ಸಾಹುಕಾರನು ಸಂಶಯಪಟ್ಟರೆ ಆಶ್ಚರ್ಯವೇನು?

ಎಲ್ಲವೂ ಕಳ್ಳರದೇ ಅಲ್ಲ. ನೀರಿಗೆ ಆದಮನ ಮದ್ಯವೆಂದು ಹೆಸರು. ಮೈಮುರಿದು ದುಡಿಯುವುದು ಮೊಣಕೈಯ ಜಿಡ್ಡು. ಮೈಮೇಲೆ ಬಟ್ಟೆಯಿಲ್ಲದಿದ್ದರೆ ಹುಟ್ಟುಹಬ್ಬದ ಉಡುಪು. ದರ್ಜಿಯು ಬೆರಳುಟೋಪಿಯ ವೀರ. ಬಣ್ಣಬಣ್ಣದ ಸಮವಸ್ತ್ರದ ಸೇವಕನು ಕಾಮನಬಿಲ್ಲಿನ ವೀರ. ಹಣವಿಲ್ಲ, ಬುದ್ಧಿಯಿಲ್ಲ, ನಡತೆಯಿಲ್ಲ ಎಂಬ ಮೂರು ಇಲ್ಲಗಳಿರುವವನು ಮೂರು ಇಲ್ಲದ ದೊಡ್ಡಮನುಷ್ಯ. ಗಿರವಿ ಅಂಗಡಿಗೆ ಮಾವನ ಮನೆ ಎನ್ನುತ್ತಿದ್ದರು. ನಮ್ಮಲ್ಲಿ ಸೆರೆಮನೆಗೆ ಸಲ್ಲುವ ಹೆಸರು ಅಲ್ಲಿ ಗಿರವಿ ಅಂಗಡಿಗೆ ಸಂದಿತು. ಎರಡು ಕಡೆಯೂ ನಂಟಸ್ತಿಕೆಯೊಂದೇ! ನಮ್ಮ ಹಾಸ್ಟೆಲಿನ ಮಿತ್ರರಿಗೆ ಪ್ರಿಯವಾದ ಚಮ್ ಎಂಬ ಮಾತೂ ಇಲ್ಲಿದೆ. ಒಂದೇ ಕೋಣೆಯಲ್ಲಿ ವಾಸಮಾಡುವವನೆಂದು ಅದರ ಅರ್ಥ. ಅದು ವಿಶೇಷವಾಗಿ ಎಲ್ಲಿ ಬಳಕೆಯಲ್ಲಿದ್ದಿತೆಂದರೆ ವಿಶ್ವವಿದ್ಯಾನಿಲಯಗಳಲ್ಲಿ ಮತ್ತು ಸೆರೆಮನೆಗಳಲ್ಲಿ. ಇದರ ಮೇಲೆ ನಾನು ಟೀಕೆ ಬರೆಯುವುದಿಲ್ಲ.

ನಗುತ್ತ ಓದುತ್ತಿದ್ದ ನನಗೆ ಕೆಲವು ಮಾತುಗಳ ಬಳಿ ನಗು ನಿಂತಿತು. ಡ್ಯೂಕ್ ಹಂಫ್ರಿಯ ಮನೆಯಲ್ಲಿ ಊಟ ಎಂದರೆ ಉಪವಾಸ. ಹೊಟ್ಟೆಗಿಲ್ಲದವರು ಊಟದ ಹೊತ್ತಿನಲ್ಲಿ ಸೇಂಟ್ ಪಾಲ್ಸ್ ಚರ್ಚಿನಲ್ಲಿ, ಆ ಡ್ಯೂಕನದೆಂದು ಜನ ತಿಳಿದಿದ್ದ ಸಮಾಧಿಯ ಸುತ್ತ, ಕಾಲ ಕಳೆಯುತ್ತಿದ್ದರಂತೆ. ಯಾರಾದರೂ ಊಟವಾಯಿತೆ ಎಂದು ಕೇಳಿದರೆ ಡ್ಯೂಕನ ಹೆಸರು ಹೇಳಿ ಮಾನ ಉಳಿಸಿಕೊಳ್ಳುವುದು. ನೈಟಿಂಗೇಲ್ ಎಂಬುದು ಇಂಪಾಗಿ ಹಾಡುವ ಹಕ್ಕಿ. ಸಿಪಾಯಿಗಳಲ್ಲಿ ಮಾತ್ರ, ಕಟ್ಟಿಹಾಕಿ ಚಾವಟಿಯಿಂದ ಹೊಡೆಯುವಾಗ ನೋವು ತಾಳಲಾರದೆ ಕೂಗಿಕೊಂಡವನಿಗೆ ಆ ಹೆಸರು. ಕೆಲವು ದಳಗಳಲ್ಲಿ ಎಷ್ಟು ಏಟು ಬಿದ್ದರೂ ಹಕ್ಕಿಯಾಗದಿರುವುದೇ ಮಾನವೆಂದು ಎಣಿಸುತ್ತಿದ್ದರೆಂದು ಗ್ರೋಸ್ ಬರೆಯುತ್ತಾನೆ. ಇದನ್ನು ಅವನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಸೈನ್ಯದಲ್ಲಿಯೂ ನಾಡಪಡೆಯಲ್ಲಿಯೂ ಬಾಳಿದವನು ಅವನು.

ಇನ್ನು ನೇಣಿನ ಮಾತುಗಳು. ಅಂದಿನ ಇಂಗ್ಲೆಂಡಿನಲ್ಲಿ ಚಿಕ್ಕಪುಟ್ಟ ಕಳವಿಗೂ ನೇಣು. ಮರಣದಂಡನೆ ವಿಧಿಸಬಹುದಾದ ಅಪರಾಧಗಳು ಆ ಶತಮಾನದ ಕೊನೆಯ ಹೊತ್ತಿಗೆ 200ನ್ನೂ ಮೀರಿದ್ದುವು. 1783ರವರೆಗೆ ಲಂಡನ್ನಿನ ಟೈಬರ್ನ್ ಎಂಬಲ್ಲಿ ಜನಜಂಗುಳಿಯ ಮುಂದೆ ನೇಣು ಹಾಕುತ್ತಿದ್ದರು. ಆ ಸ್ಥಳ ಪ್ಯಾಡಿಂಗ್ಟನ್ ಪ್ಯಾರಿಷಿಗೆ ಸೇರಿದ್ದುದರಿಂದ ನೇಣಿನ ದಿನಕ್ಕೆ ಪ್ಯಾಡಿಂಗ್ಟನ್ ಜಾತ್ರೆ ಎಂದು ಹೆಸರಾಯಿತು. ನೇಣಿಗೇರುವುದು ಷೆರಿಫನ ಮನೆಯ ನರ್ತನಕೂಟಕ್ಕೆ ಹೋಗುವುದು. ನೇಣಿನಿಂದ ಸತ್ತವನು ಸೆಣಬಿನ ಜ್ವರದಿಂದ ಸತ್ತವನು. ಅವನ ಹೆಂಡತಿ ಸೆಣಬಿನ ವಿಧವೆ. ಈ ಮಾತುಗಳನ್ನು ಕಟ್ಟಿದವರು ಹಾಸ್ಯಗಾರರಲ್ಲ. ಮುಂದಿನ ಜಾತ್ರೆಯಲ್ಲಿ ತಾವೇ ಕುಣಿಯಬೇಕಾದೀತೆಂದು ತಿಳಿದಿದ್ದವರು. ನ್ಯಾಯಾಲಯದ ಕಡತಗಳಲ್ಲಿ ಅವರಿಗೆ ವಿಧಿಸಿದ ಶಿಕ್ಷೆ ದಾಖಲಾಗಿದೆ. ಅವರು ಸಾವನ್ನು ಎದುರಿಸಿ ನಕ್ಕ ಬಗೆ ದಾಖಲಾಗಿರುವುದು ಗ್ರೋಸನ ನಿಘಂಟಿನಲ್ಲಿ.

ಗ್ರೋಸನ ದೋಷಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಕೆಲಸದಲ್ಲಿ ಅವನೇ ಮೊದಲಿಗನೂ ಅಲ್ಲ. ಹದಿನಾರನೆಯ ಶತಮಾನದಲ್ಲೇ ಹಾರ್ಮನ್ ಎಂಬವನು ಭಿಕ್ಷುಕರ ಮಾತುಗಳನ್ನು ಪಟ್ಟಿಮಾಡಿದ್ದನು. ಹದಿನೇಳನೆಯ ಶತಮಾನದ ಕೊನೆಗೆ ಬಿ. ಇ. ಎಂಬ ಎರಡಕ್ಷರ ಮಾತ್ರ ತನ್ನ ಹೆಸರಾಗಿ ಹಾಕಿಕೊಂಡವನೊಬ್ಬನು ಒಂದು ಕಳ್ಳನಿಘಂಟನ್ನು ಬರೆದಿದ್ದನು. ಇಂಥವರಿಂದ ಗ್ರೋಸ್ ಧಾರಾಳವಾಗಿ ತೆಗೆದುಕೊಂಡನು. ಆದುದರಿಂದ ಅವನು ಕೊಟ್ಟ ಕಳ್ಳಮಾತುಗಳಲ್ಲಿ ಕೆಲವು ಅವನ ಕಾಲಕ್ಕೇ ಹಳಸಿದ್ದುವು. ಹೆಂಗಸರನ್ನು, ಐರಿಷರನ್ನು, ಸ್ಕಾಟರನ್ನು ಹೀಯಾಳಿಸುವ ಮಾತುಗಳೂ ಅಲ್ಲಿ ಬೇಕಾದಷ್ಟಿವೆ. ಓದುವಾಗ ಮನಸ್ಸು ಮುದುಡುತ್ತದೆ. ತೀರ ಅಶ್ಲೀಲವಾದ ಕೆಲವನ್ನು 1788ರ ಎರಡನೆಯ ಮುದ್ರಣದಲ್ಲಿ ಅವನೇ ಮೃದುಗೊಳಿಸಿದನು. ಆದರೂ ಒಂದು ಮಾತು ನಿಜ. ಹಿಂದಿನವರು ಕಳ್ಳರ ಮಾತನ್ನು ಬಹುಮಟ್ಟಿಗೆ ಎಚ್ಚರಿಕೆಗಾಗಿ ಬರೆದರು, ಹಾವಿನ ಗುರುತು ಹೇಳುವಂತೆ. ಗ್ರೋಸ್ ಬರೆದುದು ಮಾತಿನ ಮೇಲಿನ ಪ್ರೀತಿಯಿಂದ. 1787ರಲ್ಲಿ ಅವನು ಇಂಗ್ಲೆಂಡಿನ ಪ್ರಾಂತಗಳ ಹಳ್ಳಿಯ ಮಾತುಗಳಿಗೂ ಬೇರೊಂದು ಕೋಶವನ್ನು ಹೊರತಂದುದು ಇದಕ್ಕೆ ಸಾಕ್ಷಿ.

ನಿಘಂಟಿನ ಕೆಲಸದ ನಡುವೆಯೂ ಕೋಟೆಕೊತ್ತಲಗಳ ಬೆನ್ನು ಬಿಡಲಿಲ್ಲ. 1789ರಲ್ಲಿ ಸ್ಕಾಟ್ಲೆಂಡಿಗೆ ಹೋದಾಗ, ರಾಬರ್ಟ್ ರಿಡೆಲ್ ಎಂಬ ಶ್ರೀಮಂತನ ಫ್ರಯರ್ಸ್ ಕಾರ್ಸ್ ಮನೆಯಲ್ಲಿ ಕವಿ ರಾಬರ್ಟ್ ಬರ್ನ್ಸ್‌ನ ಪರಿಚಯವಾಯಿತು. ಒಬ್ಬನು ನೇಗಿಲು ಹಿಡಿದು ಹಳ್ಳಿಯ ಮಾತಿನಲ್ಲಿ ಹಾಡಿದವನು, ಇನ್ನೊಬ್ಬನು ಕೇರಿಯ ಮಾತನ್ನು ಕೂಡಿಟ್ಟವನು. ಗೆಳೆತನ ಬೆಳೆಯಲು ತಡವಾಗಲಿಲ್ಲ. ಹೊಟ್ಟೆ ಹೊತ್ತು ಊರೂರು ತಿರುಗುವ ಈ ಗೆಳೆಯನ ಮೇಲೆ ಬರ್ನ್ಸ್ ಒಂದು ತಮಾಷೆಯ ಪದ್ಯವನ್ನೂ ಬರೆದನು.

ಬರ್ನ್ಸ್ ಗ್ರೋಸನಲ್ಲಿ ಒಂದು ಕೋರಿಕೆಯನ್ನಿಟ್ಟನು. ಆಲೋವೇ ಎಂಬ ಊರಿನ ಪಾಳು ಚರ್ಚಿನ ಚಿತ್ರವೂ ಅವನ ಪುಸ್ತಕದಲ್ಲಿ ಸೇರಬೇಕು. ಅದೇನೂ ದೊಡ್ಡ ಕಟ್ಟಡವಲ್ಲ. ಅದರ ಅಂಗಳದಲ್ಲಿ ಬರ್ನ್ಸನ ತಂದೆಯ ಸಮಾಧಿ ಇದ್ದಿತು. ಗ್ರೋಸ್ ಒಪ್ಪಿದನು, ಆದರೆ ಆ ಚರ್ಚಿಗೆ ತಕ್ಕ ಒಂದು ಮಾಟಗಾತಿಯ ಕಥೆಯನ್ನು ಬರೆದುಕೊಡಬೇಕೆಂದು ಕರಾರು ಹಾಕಿದನು. ಹಾಗೆ ಹುಟ್ಟಿದುದೇ ಟ್ಯಾಮ್ ಓ ಶ್ಯಾಂಟರ್ ಎಂಬ ಪ್ರಸಿದ್ಧ ಕಥನಕವನ. 1791ರಲ್ಲಿ ಗ್ರೋಸನ ಸ್ಕಾಟ್ಲೆಂಡ್ ಸಂಪುಟದಲ್ಲಿ ಅದು ಆ ಪಾಳು ಚರ್ಚಿನ ವಿವರಣೆಗೆ ಅಡಿಟಿಪ್ಪಣಿಯಾಗಿ ಅಚ್ಚಾಯಿತು. ಒಬ್ಬ ಮಗನಿಗೆ ತನ್ನ ತಂದೆ ಮಲಗಿದ ಜಾಗವು ಪುಸ್ತಕದಲ್ಲಿ ಉಳಿಯಲಿ ಎಂಬ ಆಸೆ. ಆ ಆಸೆಯಿಂದ ಸಾಹಿತ್ಯಕ್ಕೆ ಒಂದು ಮಹಾಕೃತಿ. ಇದನ್ನು ಓದಿದಂದು ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಸ್ಕಾಟ್ಲೆಂಡಾದ ಮೇಲೆ ಐರ್ಲೆಂಡ್. ಅಲ್ಲಿಯ ಅವಶೇಷಗಳನ್ನು ಚಿತ್ರಿಸಲು ಹೋಗಿದ್ದಾಗ 1791ರ ಮೇ 12ರಂದು ಡಬ್ಲಿನ್ ನಗರದಲ್ಲಿ ಗೆಳೆಯನಾದ ಚಿತ್ರಗಾರ ಹೊರೇಸ್ ಹೋನನ ಮನೆಯಲ್ಲಿ ಪಾರ್ಶ್ವವಾಯು ಬಡಿದು ಗ್ರೋಸ್ ತೀರಿಕೊಂಡನು. ಆಗ ಅವನಿಗೆ ಅರುವತ್ತರ ಆಸುಪಾಸು. ಡಬ್ಲಿನ್ನಿನ ಬಳಿಯ ಡ್ರಮ್‌ಕಾಂಡ್ರಾ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಡಬ್ಲಿನ್ನಿನ ಭವ್ಯವಾದ ಕಸ್ಟಮ್ ಹೌಸನ್ನು ಕಟ್ಟಿದ ಶಿಲ್ಪಿ ಜೇಮ್ಸ್ ಗ್ಯಾಂಡನ್ ಅವನ ಗೆಳೆಯ. ಮೂವತ್ತೆರಡು ವರ್ಷಗಳಾದ ಮೇಲೆ, 1823ರಲ್ಲಿ, ಗ್ಯಾಂಡನ್ ತೀರಿಕೊಂಡಾಗ ಅವನನ್ನೂ ಗ್ರೋಸನ ಸಮಾಧಿಯಲ್ಲೇ ಇಟ್ಟರು. ಮೂವತ್ತೆರಡು ವರ್ಷ ಮರೆಯದೆ ನೆನೆಯುವ ಗೆಳೆಯನನ್ನು ಪಡೆದವನನ್ನು ಬರಿಯ ಸಾಲಗಾರನೆಂದು ಹೇಗೆ ಹೇಳುವುದು?

ಅವನ ಮಾತುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಗ್ಲೆಂಡಿನ ಕೈದಿಗಳನ್ನು 1788ರಿಂದ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿಗೆ ಸಾಗಿಸುತ್ತಿದ್ದರು. ಅಲ್ಲಿಯ ನ್ಯಾಯಾಲಯದಲ್ಲಿ ಸಾಕ್ಷಿಗಳ ಕಳ್ಳಭಾಷೆಯನ್ನು ಬಿಡಿಸಿ ಹೇಳಲು ಕೆಲವು ಸಲ ದುಭಾಷಿಯೇ ಬೇಕಾಗುತ್ತಿದ್ದನೆಂದು, ಅಲ್ಲಿದ್ದು ಬಂದ ವಾಟ್‌ಕಿನ್ ಟೆಂಚ್ ಎಂಬ ಸೇನಾಧಿಕಾರಿ 1793ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಳಿದ್ದಾನೆ. 1792ರಿಂದ 1794ರವರೆಗೆ ಆ ವಸಾಹತಿನ ಆಡಳಿತ ನಡೆಸಿದ ಲೆಫ್ಟಿನೆಂಟ್ ಗವರ್ನರ್ ಯಾರು? ನಮ್ಮ ಗ್ರೋಸನ ಹಿರಿಯ ಮಗ. ಅವನ ಹೆಸರೂ ಫ್ರಾನ್ಸಿಸ್ ಗ್ರೋಸ್. ತಂದೆ ಯಾರ ಮಾತನ್ನು ಬರೆದಿಟ್ಟನೋ ಅವರನ್ನೇ ಮಗನು ಆಳಬೇಕಾಗಿ ಬಂದಿತು. ಇತ್ತ ತಂದೆಯ ನಿಘಂಟು 1796ರಲ್ಲಿ ಮೂರನೆಯ ಮುದ್ರಣ ಕಂಡಿತು. 1811ರಲ್ಲಿ ಬೇರೆಯವರ ಕೈಯಲ್ಲಿ ಬೆಳೆಯಿತು. 1931ರಲ್ಲಿ ಎರಿಕ್ ಪಾರ್ಟ್ರಿಜ್ ಎಂಬ ವಿದ್ವಾಂಸನು ಟಿಪ್ಪಣಿಗಳೊಡನೆ ಮತ್ತೆ ಪ್ರಕಟಿಸಿದನು. ಆಕ್ಸ್‌ಫರ್ಡಿನ ಬೃಹತ್ ನಿಘಂಟು ಎಷ್ಟೋ ಶಬ್ದಗಳಿಗೆ ಗ್ರೋಸನನ್ನೇ ಸಾಕ್ಷಿಯಾಗಿ ಕರೆದಿದೆ. ಒಂದು ಕಾಲಕ್ಕೆ ಬಾಗಿಲಾಚೆ ನಿಂತಿದ್ದವನಿಗೆ ಪಂಡಿತರ ಪಂಕ್ತಿಯಲ್ಲೇ ಎಲೆ ಹಾಕಿದಂತಾಯಿತು.

ನನ್ನ ಮಾತನ್ನೂ ಮುಗಿಸುತ್ತೇನೆ. ಗ್ರೋಸನ ಪುಸ್ತಕವನ್ನು ಹಿಂದಿರುಗಿಸಿದ ರಾತ್ರಿ ಒಂದು ನೋಟ್‌ಬುಕ್ಕು ತೆಗೆದು, ತಂದೆಯವರ ಬಾಯಲ್ಲಿ ಕೇಳಿದ್ದ ಜಾತ್ರೆಯ ಶಬ್ದಗಳನ್ನು ಬರೆಯಲು ಕುಳಿತೆ. ಬೆಳಗಿನವರೆಗೆ ನೆನೆದರೂ ಹದಿನೇಳಕ್ಕಿಂತ ಹೆಚ್ಚು ಬರಲಿಲ್ಲ. ಅವುಗಳಲ್ಲಿ ನಾಲ್ಕಕ್ಕೆ ಅರ್ಥ ಹೊಳೆಯಲಿಲ್ಲ. ಕೇಳೋಣವೆಂದರೆ ಹೇಳುವವರಿಲ್ಲ, ಇದ್ದಾಗ ಹೇಳಬೇಡಿರೆಂದವನು ನಾನೇ. ರಜೆಯಲ್ಲಿ ಊರಿಗೆ ಹೋಗಿ ಅವರ ಜೊತೆಗಾರರಾಗಿದ್ದ ಒಬ್ಬ ಮುದುಕರನ್ನು ಕಂಡೆ. ನಾನು ನೋಟ್‌ಬುಕ್ಕು ಬಿಚ್ಚಿದಾಗ ಅವರು ಮೊದಲು ಸಂಶಯದಿಂದ ನೋಡಿದರು; ಆಮೇಲೆ ನಕ್ಕರು. ಆ ನಾಲ್ಕರಲ್ಲಿ ಮೂರಕ್ಕೆ ಅರ್ಥ ಹೇಳಿ, ಹೊಸದಾಗಿ ಒಂಬತ್ತು ಶಬ್ದ ಕೊಟ್ಟರು. ಉಳಿದ ಒಂದು ನನ್ನ ತಂದೆಯವರದೇ ಮಾತಾಗಿರಬೇಕು, ಬೇರೆ ಯಾರೂ ಅದನ್ನು ಆಡುತ್ತಿರಲಿಲ್ಲ ಎಂದರು.

ಆ ಶಬ್ದವನ್ನು ಅರ್ಥವಿಲ್ಲದೆಯೇ ಬರೆದಿಟ್ಟಿದ್ದೇನೆ. ನನ್ನ ಮಿತ್ರರಲ್ಲಿ ಕುಂಬಾರರ, ನೇಕಾರರ, ಗಾಡಿ ಹೊಡೆಯುವವರ, ಸಂತೆಯಲ್ಲಿ ತೂಗುವವರ ಮಕ್ಕಳು ಬಹಳ ಮಂದಿ ಇದ್ದಾರೆ. ಬರುವ ರಜೆಯಲ್ಲಿ ಅವರೂ ಒಂದೊಂದು ನೋಟ್‌ಬುಕ್ಕು ಹಿಡಿದು ಮನೆಯ ಹಿರಿಯರ ಬಳಿ ಕುಳಿತರೆ, ನನ್ನ ನೋಟ್‌ಬುಕ್ಕಿನಲ್ಲಿರುವಂಥ ಖಾಲಿ ಸಾಲು ಅವರದರಲ್ಲಿ ಉಳಿಯಲಾರದು.